ಹಿಟ್ಟು ಸುರಿದ ಸೀನು

ಆ ಮುದಿ ಡೈರೆಕ್ಟರ ಕೈಗೆ ಮೈಕು ಕೊಟ್ಟಿದ್ದೇ ತಪ್ಪು. ಕೊಟ್ಟವರಿಗೇನು ಗೊತ್ತು, ಪಾಪ! ನಲವತ್ತು ವರ್ಷದ ಹಿಂದಿನ ಪಿಕ್ಚರನ್ನು ತೊಳೆದು ಬಳಿದು ಹೊಸದರಂತೆ ಮಾಡಿ ಮತ್ತೆ ತೆರೆಗೆ ತಂದಿದ್ದರು. ಥಿಯೇಟರು ಭರ್ತಿ. ಆಗ ನಟಿಸಿದ್ದ ಮಕ್ಕಳನ್ನೆಲ್ಲ ಹುಡುಕಿ ತಂದು ತೆರೆಯ ಮುಂದೆ ಸಾಲಾಗಿ ಕೂರಿಸಿದ್ದರು. ಮಕ್ಕಳಂತೆ ಮಕ್ಕಳು, ಅರ್ಧಕ್ಕರ್ಧ ತಲೆ ನರೆತಿದ್ದವು.

ಕಥೆ ಎಲ್ಲರಿಗೂ ಬಾಯಿಪಾಠ. ಹೆಂಡತಿ ಸತ್ತವನಿಗೆ ನಾಲ್ಕು ಮಕ್ಕಳು, ಗಂಡ ಸತ್ತವಳಿಗೆ ಮೂರು. ಇಬ್ಬರೂ ಮದುವೆಯಾಗಿ ಒಂದೇ ಮನೆ ಹೊಗುತ್ತಾರೆ, ಎರಡು ಕಡೆಯ ಮಕ್ಕಳೂ ಎಣ್ಣೆ ಸೀಗೆಕಾಯಿ. ಗಂಡನ ಕಡೆಯ ದೊಡ್ಡ ಮಗಳ ಅಡ್ಡಹೆಸರು ಮೆಣಸಿನಕಾಯಿ, ಹೆಂಡತಿ ಕಡೆಯ ಕಿರಿಯ ಮಗ ಗುಂಡ. ಮೆಣಸಿನಕಾಯಿಯ ಪಾತ್ರ ಮಾಡಿದವಳು ಈಗ ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸು, ಆದರೂ ರೋಗಿಗಳು ಕೂಡ ಮೆಣಸಿನಕಾಯಿ ಎಂದೇ ಕರೆಯುತ್ತಾರೆ. ಆದರೆ ಪಿಕ್ಚರಿನಲ್ಲಿ ಮಲತಮ್ಮನಾದ ಆ ಗುಂಡ ಅವಳ ಸ್ವಂತ ತಮ್ಮ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು ಅನ್ನುವುದು ಜನಕ್ಕೆ ಗೊತ್ತಿಲ್ಲ.

ಸಾಲಿನ ಈ ತುದಿಯಲ್ಲಿ ಅವಳು, ಆ ತುದಿಯಲ್ಲಿ ಅವನು. ಗ್ಯಾರೇಜಿನಿಂದ ನೇರ ಬಂದಿದ್ದ. ಒಳಗೆ ಬರುವಾಗ ಅವಳನ್ನು ಕಂಡು, "ಚೆನ್ನಾಗಿದ್ದೀರಾ?" ಅಂದಿದ್ದ. ದೀರಾ! ಒಡಹುಟ್ಟಿದ ಅಕ್ಕನಿಗೆ! ನಂಟರಿಷ್ಟರೆಲ್ಲ, ಎಂಥ ಮರ್ಯಾದಸ್ಥ ತಮ್ಮ ಅನ್ನುತ್ತಿದ್ದರು. ಆ ಮರ್ಯಾದೆಗಿಷ್ಟು ಬೆಂಕಿ ಹಾಕ! ಚಿಕ್ಕಂದಿನಲ್ಲಿ ಅವಳ ಲಂಗ ಹಿಡಿದು ಮನೆಯೆಲ್ಲ ಸುತ್ತುತ್ತಿದ್ದವನು ಯಾಕೆ ಹೀಗೆ ದೂರವಾದ ಅನ್ನುವುದು ಅವಳಿಗೆ ಇವತ್ತಿಗೂ ತಿಳಿದಿರಲಿಲ್ಲ. ಪಿಕ್ಚರು ಯಾರಿಗೆ ಬೇಕಿತ್ತು? ಇವತ್ತಾದರೂ ಅವನ ಕೈ ಹಿಡಿದು ಮನೆಗೆ ಕರೆದೊಯ್ಯಬೇಕು ಎಂದೇ ಅವಳು ಬಂದಿದ್ದಳು.

"ಹಿಟ್ಟು ಸುರಿಯೋ ಸೀನಿದೆಯಲ್ಲ, ಅದರ ಗುಟ್ಟು ಹೇಳ್ತೀನಿ ಕೇಳಿ," ಎಂದು ಡೈರೆಕ್ಟರು ಕುರ್ಚಿಯಲ್ಲಿ ಮುಂದಕ್ಕೆ ಸರಿದರು. "ಈ ಗುಂಡನಿಗಾಗ ಆರು ವರ್ಷ. ಇವಳ ಮುಖ ಕಂಡ್ರೆ ಸಾಕು, ಹಲ್ಲು ಕಿರಿಯೋನು. ಕೋಪ ಮಾಡ್ಕೊಳ್ಳೋ ಅಂದ್ರೆ ಹೋಗಿ ತೊಡೆ ಮೇಲೆ ಕೂತ್ಕೊಳ್ಳೋನು! ನಂಗೆ ತಲೆ ಕೆಟ್ಟು ಹೋಯ್ತು. ಕೊನೆಗೆ ಮೂಲೆಗೆ ಕರ್ಕೊಂಡು ಹೋಗಿ ಕಿವೀಲಿ ಊದಿದೆ. 'ನಿಮ್ಮಕ್ಕ ಏನಂದ್ಲು ಗೊತ್ತೇನೋ? ಈ ದಡ್ಡ ಬೇಡ, ನಂಗೆ ಬೇರೆ ತಮ್ಮನ್ನ ತಂದ್ಕೊಡಿ ಅಂದ್ಲು!' ಅಷ್ಟೇ ನೋಡಿ. ಬಂದವನೇ ಹಿಟ್ಟಿನ ಪಾತ್ರೆ ಎತ್ತಿ ಅವಳ ತಲೆ ಮೇಲೆ ಸುರಿದ. ಒಂದೇ ಟೇಕು!"

ಥಿಯೇಟರಿಗೆ ಥಿಯೇಟರೇ ಬಿದ್ದು ಬಿದ್ದು ನಕ್ಕಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುವುದು ಸುಮ್ಮನೆ ಅಲ್ಲ. ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಎದ್ದು ಹೋಗಿ ಮುದುಕನ ಕೈಯಿಂದ ಮೈಕು ಕಿತ್ತುಕೊಂಡಳು.

"ಆಮೇಲೆ ಸುಳ್ಳು ಅಂತ ಅವನಿಗೆ ಹೇಳಿದ್ರಾ?"

"ಅಯ್ಯೋ, ಯಾರಿಗಮ್ಮ ನೆನಪಿರುತ್ತೆ ಅದೆಲ್ಲ! ಸೀನು ಎಷ್ಟು ಚೆನ್ನಾಗಿ ಬಂತು ನೋಡು."

"ಹೇಳಿದ್ರಾ ಇಲ್ವಾ?"

ಮುದುಕ ಕೈಯಾಡಿಸಿ ನಕ್ಕರು. ಹೇಳಿರಲಿಲ್ಲ.

"ನನ್ನ ಮದುವೆಗೆ ಇವನು ಬರಲಿಲ್ಲ," ಎಂದಳು. "ಅಮ್ಮ ನನ್ನ ಮನೇಲಿ ತೀರಿಕೊಂಡಾಗ ಹೊಸ್ತಿಲು ದಾಟದೆ ಬೀದೀಲೇ ನಿಂತಿದ್ದ. ಹಾಲಿನಂಥ ಮನೆಗೆ ಹುಳಿ ಹಿಂಡಿದ್ರಲ್ಲ, ಆ ಸೀನೂ ಚೆನ್ನಾಗಿ ಬಂತಾ ಸಾರ್? ಓಕೇನಾ?"

ಯಾರೋ ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದರು. ಮುದುಕ ನೀರಿನ ಲೋಟಕ್ಕೆ ತಡಕಾಡುತ್ತಿದ್ದರು. ಅವಳು ಮೈಕನ್ನು ಅವರ ಮಡಿಲಿಗೆ ಎಸೆದು, ಎಲ್ಲರ ಮುಂದೆಯೇ ದಡದಡ ನಡೆದು ಆ ತುದಿಗೆ ಹೋದಳು. ಅವಳ ಸಿಟ್ಟು ಅಲ್ಲಿಗೇ ತೀರಿರಲಿಲ್ಲ.

"ಏನೋ, ನಾನು ಹಾಗಂದಿರ್ತೀನಿ ಅಂತ ನಂಬಿಬಿಟ್ಯಾ? ಹತ್ತು ವರ್ಷದ ಹುಡುಗಿ ನಾನು, ನನ್ನ ಪಾಲಿನ ತಿಂಡೀನೂ ನಿನಗೇ ಕೊಡ್ತಿದ್ದೆ! ನಲವತ್ತು ವರ್ಷ ಕಣೋ! ಒಂದೇ ಒಂದು ಸಲ ಬಂದು ಕೇಳೋಕೆ ಏನಾಗಿತ್ತು ನಿಂಗೆ? ಬಾಯಿಗೆ ಬೀಗ ಬಿದ್ದಿತ್ತಾ?"

ಅವನು ಉಗುರಿನ ಸಂದಿಯ ಗ್ರೀಸು ಕೆರೆಯುತ್ತ ಕೂತಿದ್ದ.

"ಕೇಳಬೇಕು ಅಂತಾನೇ ಎಷ್ಟೋ ಸಲ ಗೇಟಿನ ತನಕ ಬಂದಿದ್ದೆ."

"ಮತ್ತೆ?"

"ನೀನು ಹೌದು ಅಂದುಬಿಟ್ಟಿದ್ರೆ?" ಎಂದ.