ಕಡಲಿಗೆ ಸೊಪ್ಪು ಹಾಕುವವರು

ಮೇಲೂರಿನ ಗಂಗುಲಮ್ಮ ಮದುವೆಯಾದಾಗಿನಿಂದ ಒಂದು ರಾತ್ರಿಯೂ ಮನೆ ಬಿಟ್ಟು ಮಲಗಿದವಳಲ್ಲ. ರೇಷ್ಮೆ ಹುಳಕ್ಕೆ ಹಬ್ಬವೂ ಇಲ್ಲ, ಭಾನುವಾರವೂ ಇಲ್ಲ; ಹೊತ್ತುಹೊತ್ತಿಗೆ ಸೊಪ್ಪು ಬೀಳಬೇಕು. ಅಂಥವಳು ತೊಂಬತ್ತೊಂದರ ಡಿಸೆಂಬರಿನಲ್ಲಿ, ಹುಳದ ಮನೆ ತೊಳೆದು ಔಷಧಿ ಹೊಡೆದು ಬೀಗ ಹಾಕಿದ್ದ ಬಿಡುವಿನಲ್ಲಿ, ಗಂಡನ ಜೊತೆ ಪಡುಬಿದ್ರಿಗೆ ಬಂದಳು. ಮಗ ಚನ್ನಕೇಶವ ಅಲ್ಲಿ ಬ್ಯಾಂಕಿನಲ್ಲಿದ್ದ. ಗಂಡನ ಹೆಸರು ಬಯ್ಯಪ್ಪ. ಬಯ್ಯುತ್ತಿದ್ದವಳು ಮಾತ್ರ ಗಂಗುಲಮ್ಮ.

ಬಂದ ಮಧ್ಯಾಹ್ನ ಬಸ್ಸಿನ ಆಯಾಸಕ್ಕೆ ಕಣ್ಣು ಮುಚ್ಚಿದವಳು ದಿಗ್ಗನೆ ಎದ್ದು ಕೂತಳು. ತೆಂಗಿನ ತೋಟದ ಆಚೆಯಿಂದ ಸರಸರ ಸದ್ದು. ಪೊರೆ ಬಿಡುವ ಕೊನೆಯ ಜ್ವರ ಮುಗಿಸಿ ಎದ್ದ ಹುಳಗಳು ಹಸಿದು ಎಲೆ ಮೇಯುವಾಗ ಮನೆಯೊಳಗೇ ಮಳೆ ಸುರಿದಂತೆ ಕೇಳುತ್ತದಲ್ಲ, ಅದೇ ಸದ್ದು.

“ರೀ, ಏಳ್ರೀ! ಹುಳ ಎದ್ದವೆ, ಸೊಪ್ಪು ತನ್ನಿ!”

ಬಯ್ಯಪ್ಪನೂ ನಿದ್ದೆಗಣ್ಣಲ್ಲೇ ಎದ್ದು ಸೊಪ್ಪು ತುಂಬುವ ಮಂಕರಿ ಹುಡುಕತೊಡಗಿದ. ಚನ್ನಕೇಶವ ಹೊಟ್ಟೆ ಹಿಡಿದುಕೊಂಡು ನಕ್ಕ.

“ಅಮ್ಮಾ, ಅದು ಸಮುದ್ರ ಕಣಮ್ಮ! ನಡಿ, ತೋರಿಸ್ತೀನಿ.”

“ನಾನೊಲ್ಲೆ. ದಂಡೆ ತುಂಬಾ ಮೀನು ಒಣಗಾಕವ್ರಂತೆ. ಆ ವಾಸನೆ ಕೂದಲಿಗೆ ಹತ್ತಿದ್ರೆ ಬಿಡ್ತದಾ? ಊರಿಗೆ ಹೋಗ್ತಿದ್ದಂಗೆ ಮರಿ ಹುಳ ಬರ್ತವೆ.”

ಹುಳಕ್ಕೆ ವಾಸನೆ ಆಗದು. ಹೋದ ಬೆಳೆ ಗೂಡು ಕಟ್ಟುವ ಹೊತ್ತಿಗೆ ಕಪ್ಪಾಗಿ ಸತ್ತುಹೋಗಿತ್ತು. ಅತ್ತರು ಹಚ್ಚಿಕೊಂಡು ಒಳಗೆ ಇಣುಕಿದ ನೆಂಟನೇ ಕಾರಣವೆಂದು ಗಂಗುಲಮ್ಮ ನಂಬಿದ್ದಳು. ಇನ್ನೊಂದು ಬೆಳೆ ಕೈಬಿಟ್ಟರೆ ಹಿಪ್ಪುನೇರಳೆ ತೋಟವನ್ನೇ ಗುತ್ತಿಗೆಗೆ ಕೊಡಬೇಕು. ಕಡಲು ನೋಡುವ ಆಸೆ ಲಂಗ ಉಡುವ ಕಾಲದ್ದು. ಅದನ್ನು ನುಂಗಿಕೊಂಡಳು.

ಹಾಗಾಗಿ ದಿನಾ ಬೆಳಗ್ಗೆ ಬಾಡಿಗೆ ಅಂಬಾಸಿಡರ್ ಕಡಲಿಗೆ ಬೆನ್ನು ಹಾಕಿ ಹೊರಡುತ್ತಿತ್ತು, ಸಂಜೆ ಮರಳುತ್ತಿತ್ತು. ಮೂಡಬಿದ್ರೆಯ ಸಾವಿರ ಕಂಬದ ಬಸದಿಯಲ್ಲಿ ಅವಳು ಕಂಬದಿಂದ ಕಂಬಕ್ಕೆ ಕೈಯಾಡಿಸುತ್ತಾ ನಡೆದಳು. “ಒಂದರಂಗೆ ಇನ್ನೊಂದಿಲ್ವಲ್ರೀ! ಬೇಜಾರೇ ಆಗ್ಲಿಲ್ವಾ ಕೆತ್ತೋರಿಗೆ?” ಕಾರ್ಕಳದ ಗೊಮ್ಮಟನ ಪಾದದ ಬಳಿ ಕತ್ತೆತ್ತಿ ನೋಡಿದಳು.

“ನಂದಿ ಬೆಟ್ಟನಾ ನಿಲ್ಲಿಸಿ ಮುಖ ಬರ್ದಂಗದೆ,” ಎಂದ ಬಯ್ಯಪ್ಪ.

ಸಂಜೆ ಮನೆಯಲ್ಲಿ ಚನ್ನಕೇಶವ ಸೆರಗಿನ ಬದಲು ಟವೆಲ್ ಹೊದ್ದು, “ರೀ, ಏಳ್ರೀ! ಹುಳ ಎದ್ದವೆ!” ಎಂದು ಅಮ್ಮನ ದನಿಯನ್ನೇ ತೆಗೆಯುತ್ತಿದ್ದ. ಕಡಲು ಹಿಂದಿನಿಂದ ಸರಸರ ಎನ್ನುತ್ತಿತ್ತು.

ಕಡೆಯ ದಿನ ಕುದುರೆಮುಖದ ಕಾಡು. ಘಟ್ಟ ಹತ್ತುವಾಗ ಹಸಿರಿನ ಮೇಲೆ ಹಸಿರು, ಅದರ ಮೇಲೆ ಮೋಡ. ತಪಾಸಣೆ ಗೇಟಿನ ಹತ್ತಿರ ಕಾರು ನಿಂತಾಗ ಗಂಗುಲಮ್ಮ ಇಳಿದು ಒಂದು ಮತ್ತಿ ಮರದ ಕೆಳಗೆ ನಿಂತಳು. ನಿಂತವಳು ನಿಂತೇ ಬಿಟ್ಟಳು. ಎಲೆ ಉದುರಿದ ಕೊಂಬೆಗೆ ತೊಟ್ಟಿನಿಂದ ಕಟ್ಟಿಕೊಂಡು, ಕೋಳಿಮೊಟ್ಟೆಯಷ್ಟು ದಪ್ಪಗೆ ಒಂದು ಗೂಡು ಜೋತಾಡುತ್ತಿತ್ತು.

“ಅಯ್ಯೋ ದೇವುಡಾ! ಇದು ಗೂಡಲ್ವಾ?”

ಗೇಟಿನ ಕಾವಲಿನವನು ಹತ್ತಿರ ಬಂದ. “ಮುಟ್ಟಬೇಡಿ ಅಮ್ಮ. ಕಾಡು ರೇಷ್ಮೆ ಅದು.”

“ಯಾರಪ್ಪ ಸಾಕೋರು?”

“ಯಾರು ಸಾಕ್ತಾರೆ! ಅದರಷ್ಟಕ್ಕೇ ಬರ್ತದೆ.”

“ಔಷಧಿ? ಸೊಪ್ಪು? ಮಳೆ ಬಂದ್ರೆ?”

“ಇಲ್ಲಿ ಮಳೆ ಬಂದ್ರೆ ತಿಂಗಳುಗಟ್ಟಲೆ ನಿಲ್ಲುದಿಲ್ಲ ಅಮ್ಮ.”

ಅವಳು ಗಾಳಿ ಮೂಸಿದಳು. ಕೊಳೆತ ಎಲೆ, ಯಾವುದೋ ಹೂವು, ಯಾವುದೋ ಪ್ರಾಣಿಯ ಗಂಜಲ, ರಸ್ತೆಯ ಡೀಸೆಲ್. ಇಷ್ಟೆಲ್ಲದರ ನಡುವೆ ಆ ಹುಳ ನೂತಿತ್ತು, ಅವಳ ಯಾವ ಗೂಡಿಗಿಂತಲೂ ಗಟ್ಟಿಯಾಗಿ. ಗಂಗುಲಮ್ಮ ಮುಟ್ಟಲಿಲ್ಲ. ಕೈ ಮುಗಿದಳು.

ಕಾರು ಘಟ್ಟ ಇಳಿಯಿತು. ಪಡುಬಿದ್ರಿ ಬಂದಾಗ ಹೇಳಿದಳು: “ಕೇಶವಾ, ಗಾಡಿ ಸಮುದ್ರದ ಕಡೆಗೆ ಬಿಡ್ಸಪ್ಪ.”

“ಮೀನು ವಾಸನೆ ಕಣಮ್ಮ!”

“ಊರಿಗೋಗಿ ಸೀಗೆಕಾಯಿ ಹಾಕಿ ತಿಕ್ತೀನಿ. ಹುಳಕ್ಕೂ ಒಂಚೂರು ಧೈರ್ಯ ಇರಬೇಕು.”

ಆದರೂ ಕೂದಲಿಗೆ ಟವೆಲ್ ಬಿಗಿದುಕೊಂಡೇ ಇಳಿದಳು. ಮರಳು ದಾಟಿ ನಿಂತಾಗ ಅಲೆ ಬಂದು ಪಾದ ಮುಚ್ಚಿತು. ಮುಂದೆ ಆಕಾಶದವರೆಗೂ ನೀರೇ ನೀರು. ಸರಸರ, ಸರಸರ. ಗಾಳಿಗೆ ಟವೆಲ್ ಬಿಚ್ಚಿ ಭುಜಕ್ಕೆ ಬಿತ್ತು. ಅವಳು ಅದನ್ನು ಮತ್ತೆ ಕಟ್ಟಲಿಲ್ಲ.

“ಒಂದು ಗಳಿಗೆ ನಿಲ್ಲಿಸಲ್ಲ ನೋಡ್ರೀ,” ಎಂದಳು ಮೆಲ್ಲಗೆ. “ಇಷ್ಟೊಂದಕ್ಕೆ ಯಾರೋ ಸೊಪ್ಪು ಹಾಕ್ತಾನೇ ಅವ್ರೆ.”

“ಮಂಕರಿ ತರ್ಲಾ?” ಎಂದ ಬಯ್ಯಪ್ಪ.

“ಸುಮ್ಕಿರ್ರೀ,” ಎಂದಳು ಗಂಗುಲಮ್ಮ, ಕಡಲಿನಿಂದ ಕಣ್ಣು ತೆಗೆಯದೆ.