ಹಾಲಿನ ಚೀಲದೊಳಗಿನ ಕೈಗವಸು

ನೀಲಗಂಗಾ ನನ್ನ ಚೈನು ಒರೆಸುತ್ತಿದ್ದಾಳೆ. ಹಳೆಯ ಇಳಕಲ್ ಸೀರೆಯ ತುಂಡನ್ನು ಎಣ್ಣೆಯಲ್ಲಿ ಅದ್ದಿ, ಕೊಂಡಿ ಕೊಂಡಿಯನ್ನೂ ಉಜ್ಜುತ್ತಾಳೆ. ಶನಿವಾರ ಸಂಜೆಯ ಈ ಕೆಲಸವನ್ನು ಮೂರು ವರ್ಷದಿಂದ ಒಮ್ಮೆಯೂ ತಪ್ಪಿಸಿಲ್ಲ. ಒಳಗೆ ಕುಕ್ಕರ್ ಒಂದು ಸಲ ಕೂಗಿದೆ. ಮೂರನೆಯ ಕೂಗಿಗೆ ಅವಳು ಏಳಬೇಕು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನನ್ನನ್ನು ಕೊಳ್ಳಲು ಯಾರೋ ಬರುತ್ತಾರೆ.

ನಾನೊಂದು ರೇಸ್ ಸೈಕಲ್. ಯಾವ ಊರಿನ ಕಾರ್ಖಾನೆಯಲ್ಲಿ ನನ್ನ ಕೊಳವೆಗಳನ್ನು ಬೆಸೆದರೋ ನನಗೆ ನೆನಪಿಲ್ಲ. ನನ್ನ ಮಟ್ಟಿಗೆ ನಾನು ಹುಟ್ಟಿದ್ದು ವಿಜಯಪುರದಲ್ಲಿ, ಮಕಬೂಲಸಾಬರ ಅಂಗಡಿಯ ಕಲ್ಲುಹಾಸಿನ ಮೇಲೆ. ರಟ್ಟಿನ ಪೆಟ್ಟಿಗೆಯಿಂದ ನನ್ನನ್ನು ಬಿಡಿಬಿಡಿಯಾಗಿ ತೆಗೆದು ಜೋಡಿಸಿ, ಹಿಂದಿನ ಗಾಲಿಯನ್ನು ಒಮ್ಮೆ ತಿರುಗಿಸಿ, ಅದು ನಿಲ್ಲುವವರೆಗೂ ಅವರು ಕಿವಿಗೊಟ್ಟು ಕೇಳಿದ್ದರು.

ನನ್ನ ಮೊದಲ ಒಡತಿ ಭಾಗೀರಥಿ. ಹದಿನಾರರ ಹುಡುಗಿ, ಬಿಸಿಲಿಗೆ ಕಪ್ಪಾದ ಕಾಲುಗಳು, ಬಾಯಿ ತುಂಬ ನಗೆ. ನಮ್ಮ ಸೀಮೆಯಲ್ಲಿ ಸೈಕಲ್ ರೇಸ್ ಎಂದರೆ ಊರೇ ದಾರಿಬದಿಗೆ ಬಂದು ನಿಲ್ಲುತ್ತದೆ. ಆರು ವರ್ಷ ಆ ಕೂಗಿನ ನಡುವೆ ಅವಳು ನನ್ನನ್ನು ಓಡಿಸಿದಳು. ಮದುವೆ ಗೊತ್ತಾದ ವಾರ ನನ್ನನ್ನು ಅಂಗಡಿಗೆ ತಂದು ನಿಲ್ಲಿಸಿ, ನೀರಿನ ಬಾಟಲಿ ತೆಗೆದಳು. ಹ್ಯಾಂಡಲ್ಲಿಗೆ ಕಟ್ಟಿದ್ದ ಕೆಂಪು ದಾರ ಬಿಚ್ಚಿದಳು. ಕೊನೆಯ ರೇಸಿನ ನಂಬರ್ ಚೀಟಿಯನ್ನು ಉಗುರಿನಿಂದ ಕೆರೆದು ಕೆರೆದು ಕಿತ್ತಳು. ನನ್ನ ಮೇಲೆ ತನ್ನದು ಅನ್ನುವುದು ಏನೂ ಉಳಿಯದಂತೆ ಮಾಡಿ, ತಿರುಗಿ ನೋಡದೆ ಹೋದಳು.

ಆಮೇಲೆ ನಾಲ್ಕು ವರ್ಷ ಅಂಗಡಿಯ ಮೊಳೆಗೆ ತೂಗಿದೆ. ಒಂದು ದಿನ ಮಗಳ ಸೈಕಲ್ಲಿನ ಪಂಕ್ಚರ್ ಹಾಕಿಸಲು ಬಂದ ಹೆಂಗಸೊಬ್ಬಳು ಕತ್ತೆತ್ತಿ ನನ್ನನ್ನೇ ನೋಡುತ್ತ ನಿಂತಳು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹಿಂದಿ ಕಲಿಸುವವಳು, ನಲವತ್ತು ದಾಟಿದವಳು. ಅವಳೇ ನೀಲಗಂಗಾ.

"ಟೀಚರ್, ಅದು ರೇಸಿನ ಗಾಡಿ ರೀ. ಸಂತಿಗೆ ಹೋಗಾಕ ಬರೂದಿಲ್ಲ," ಎಂದರು ಮಕಬೂಲಸಾಬರು.

"ಸಂತಿಗೆ ಹೋಗಾಕ ನನಗ ಕಾಲ ಅದಾವ. ಇಳಸ್ರಿ ಅದನ್ನ," ಎಂದಳು ಅವಳು.

ತವರಿನ ಬಾವಿಯಲ್ಲಿ ಈಜು ಕಲಿತಿದ್ದಳು. ಓಡುವುದನ್ನು ಹೊಸದಾಗಿ ರೂಢಿಸಿಕೊಂಡಳು. ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸುವ ಟ್ರಯಾಥ್ಲಾನ್ ಎಂಬುದೊಂದಿದೆ ಎಂದು ಎಲ್ಲಿಯೋ ಓದಿದ ದಿನ ಅವಳ ಅಂಗೈ ನನ್ನ ಹಿಡಿಕೆಯ ಮೇಲೆ ಬೆವತಿತ್ತು. ಮನೆಯಲ್ಲಿ ಅವಳು ಸೊಸೆ, ತಾಯಿ, ಟೀಚರ್. ಬೆಳಗಿನ ಐದರಿಂದ ಆರೂವರೆಯವರೆಗೆ, ನನ್ನ ಮೇಲೆ ಕೂತಾಗ, ಅವಳನ್ನು ಯಾರೂ ಯಾವುದಕ್ಕೂ ಕರೆಯುತ್ತಿರಲಿಲ್ಲ.

ಅತ್ತೆಗೆ ನಾಚಿಕೆ. "ಈ ವಯಸ್ಸಿನ್ಯಾಗ ಚಡ್ಡಿ ಹಾಕ್ಕೊಂಡು ಇದೇನ ನಿಂದು?" ಗಂಡ ರಾಚಪ್ಪ ಕೆಟ್ಟವನಲ್ಲ, ಅಂಜುಬುರುಕ. ಒಂದು ದಿನ ಎಲ್ಲರೆದುರಿಗೇ ಹೇಳಿಬಿಟ್ಟ: "ಒಂದ್ ಸಲ ಆ ರೇಸ್ ಮುಗಿಸಿ ಬಾ. ಯಾರೂ ತುಟಿ ಪಿಟಕ್ ಅನ್ನೂದಿಲ್ಲ. ಮುಗೀಲಿಲ್ಲಂದ್ರ ಸೈಕಲ್ ಮಾರಿಬಿಡೂಣು. ಆತಿಲ್ಲೊ?"

"ಆತು," ಎಂದಳು. ಆಗ ನಾನು ಕಟ್ಟೆಗೆ ಒರಗಿ ನಿಂತಿದ್ದೆ.

ಜನವರಿಯಲ್ಲಿ, ಚಿಕ್ಕಮಗಳೂರಿನ ಬೆಟ್ಟಗಳ ನಡುವೆ ಆ ಸ್ಪರ್ಧೆ. ಸೈಕಲ್ಲುಗಳನ್ನು ಹಿಂದಿನ ಸಂಜೆಯೇ ಕೆರೆಯ ದಂಡೆಯಲ್ಲಿ ಸಾಲಾಗಿ ತೂಗಿಹಾಕಬೇಕು. ಈಜಿ ಬಂದ ಮೇಲೆ ತೊಡಲೆಂದು ನೀಲಗಂಗಾ ಉಣ್ಣೆಯ ಕೈಗವಸು, ಕಾಲುಚೀಲ, ತುಂಬುತೋಳಿನ ಅಂಗಿ ಎಲ್ಲವನ್ನೂ ನನ್ನ ಹ್ಯಾಂಡಲ್ಲಿನ ಮೇಲೆ ಅಚ್ಚುಕಟ್ಟಾಗಿ ಹರವಿದಳು. ಪಕ್ಕದ ಹೆಂಗಸು ತನ್ನ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಗಿಯಾಗಿ ಗಂಟು ಕಟ್ಟುತ್ತಿದ್ದಳು.

"ಇಲ್ಲಿ ಕಳ್ಳರಿಲ್ಲ ಬಿಡ್ರಿ," ಎಂದು ನೀಲಗಂಗಾ ನಕ್ಕಳು. ಆ ಹೆಂಗಸಿಗೆ ಕನ್ನಡ ಬರುತ್ತಿರಲಿಲ್ಲವೋ ಏನೋ, ತಾನೂ ನಕ್ಕು ಗಂಟನ್ನು ಇನ್ನಷ್ಟು ಬಿಗಿದಳು.

ನಮ್ಮ ಊರಿನಲ್ಲಿ ಹಸಿ ಬಟ್ಟೆಯನ್ನು ಹೊರಗೆ ಬಿಟ್ಟರೂ ಬೆಳಗಾಗುವುದರೊಳಗೆ ಗರಿಗರಿ ಒಣಗಿರುತ್ತದೆ. ಒಣ ಬಟ್ಟೆಯನ್ನು ಆಕಾಶವೇ ತೋಯಿಸುತ್ತದೆ ಎಂದು ಅವಳಿಗೆ ಹೇಗೆ ಹೊಳೆಯಬೇಕು? ನನಗೂ ತಿಳಿದದ್ದು ನನ್ನ ಲೋಹದ ಮೈಮೇಲೆ ಇಬ್ಬನಿ ಕೂರಲು ಸುರುವಾದ ಮೇಲೆಯೇ. ಕೈಗವಸು ಹನಿ ಹನಿಯಾಗಿ ಭಾರವಾಯಿತು. ನನಗೆ ಕೈಯಿಲ್ಲ, ಬಾಯಿಲ್ಲ. ಸುಮ್ಮನೆ ತೂಗುತ್ತಿದ್ದೆ.

ಬೆಳಿಗ್ಗೆ ನೀರಿನಿಂದ ಎದ್ದು ಬಂದಾಗ ಅವಳ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಕೈಗವಸು ಮುಟ್ಟಿದಳು. ಹಿಂಡಿದಳು. ನೀರು ಸುರಿಯಿತು. ಒಂದು ಗಳಿಗೆ ನನ್ನನ್ನು ನೋಡಿದಳು, ನಾನೇ ಮೋಸ ಮಾಡಿದೆನೋ ಎಂಬಂತೆ. ಹಸಿಯದನ್ನೇ ತೊಟ್ಟು ಏರಿದಳು.

ಏರಿನಲ್ಲಿ ತೊಂದರೆಯಾಗಲಿಲ್ಲ. ಮೈ ಬಿಸಿಯಾಯಿತು, ಉಸಿರು ಹೊಗೆಯಾಗಿ ಬಂತು, ಐದಾರು ಜನರನ್ನು ಹಿಂದೆ ಹಾಕಿದಳು. ತುದಿ ತಲುಪಿ ಇಳಿಜಾರು ಸುರುವಾದಾಗ ಗಾಳಿ ಬಂತು. ಹಸಿ ಉಣ್ಣೆಯ ಮೇಲೆ ಆ ಗಾಳಿ ಬಡಿದು, ಎರಡನೆಯ ತಿರುವಿಗೆ ಬರುವಷ್ಟರಲ್ಲಿ ಅವಳ ಬೆರಳುಗಳು ಸತ್ತಿದ್ದವು. ಬ್ರೇಕಿನ ಮೇಲೆ ಇದ್ದವು, ಆದರೆ ಒತ್ತುತ್ತಿರಲಿಲ್ಲ. ನಾನು ಓಡತೊಡಗಿದೆ. ಓಡುವುದಕ್ಕೆಂದೇ ಹುಟ್ಟಿದವನು ನಾನು, ಆ ಕ್ಷಣ ನನ್ನ ಹುಟ್ಟಿಗೇ ಹೇಸಿದೆ.

"ನಿಲ್ಲವಾ, ನಮ್ಮವ್ವಾ, ನಿಲ್ಲ!" ಎಂದು ಕೂಗಿದಳು. ನನಗೋ, ತನ್ನ ಕೈಗೋ, ಗೊತ್ತಿಲ್ಲ. ಬೂಟನ್ನು ರಸ್ತೆಗೆ ಉಜ್ಜಿದಳು. ಕೊನೆಗೆ ನನ್ನನ್ನು ಒಳಬದಿಯ ಮಣ್ಣಿನ ದಿಬ್ಬಕ್ಕೆ ತಿರುಗಿಸಿದಳು. ಪೊದೆಯೊಳಗೆ ಇಬ್ಬರೂ ಬಿದ್ದೆವು.

ಎದ್ದು, ಬೆರಳುಗಳನ್ನು ಬಾಯೊಳಗಿಟ್ಟು ಕಚ್ಚಿದಳು. ನೋವಾಗಲಿಲ್ಲವೆಂದು ಇನ್ನೂ ಜೋರಾಗಿ ಕಚ್ಚಿದಳು. ನನ್ನನ್ನು ಮೊಣಕೈಯಲ್ಲಿ ಒತ್ತಿ ಹಿಡಿದು ನಡೆಯತೊಡಗಿದಳು. ಹಿಂದೆ ಹಾಕಿದ್ದವರೆಲ್ಲ ಸರ್ರನೆ ದಾಟಿಹೋದರು. ಬೈಕಿನಲ್ಲಿ ಬಂದ ಸ್ವಯಂಸೇವಕನೊಬ್ಬ ನಿಲ್ಲಿಸಿ, "ಮೇಡಂ, ಹಿಂದೆ ವ್ಯಾನ್ ಬರ್ತಿದೆ, ಹತ್ಕೊಳ್ಳಿ. ಯಾಕೆ ಸುಮ್ನೆ?" ಎಂದ.

"ಟೈಮ್ ಎಷ್ಟೈತ್ರಿ ಇನ್ನ?"

"ಗಡುವಿಗೆ ಹನ್ನೊಂದು ನಿಮಿಷ. ನಾಲ್ಕು ಕಿಲೋಮೀಟರ್ ಇದೆ."

ಮತ್ತೆ ಹತ್ತಿದಳು. ಮುಂದಿನ ತಿರುವಿನಲ್ಲಿ ಮತ್ತೆ ಇಳಿದಳು. ಹತ್ತಿದಳು, ಇಳಿದಳು. ನಾವು ಕೆಳಗೆ ತಲುಪಿದಾಗ ಗಡುವು ಮೀರಿ, ದಾರಿಗೆ ಅಡ್ಡಲಾಗಿ ಹಗ್ಗ ಕಟ್ಟಿಯಾಗಿತ್ತು. ಅಧಿಕಾರಿ ಅವಳ ಕಾಲಿಗೆ ಕಟ್ಟಿದ್ದ, ಸಮಯ ಅಳೆಯುವ ಪಟ್ಟಿ ಕೇಳಿದರು. ಅದನ್ನು ಬಿಚ್ಚಲೂ ಅವಳ ಬೆರಳಿಗೆ ಆಗಲಿಲ್ಲ. ಅವರೇ ಬಗ್ಗಿ ಬಿಚ್ಚಿಕೊಂಡರು. ಆಗ ಅತ್ತಳು.

ಜೊತೆಗೆ ಬಂದು ಅಲ್ಲಿ ಕಾಯುತ್ತಿದ್ದ ರಾಚಪ್ಪ ಶಾಲು ಹೊದಿಸಿದ. ಅವಳ ಎರಡೂ ಕೈಗಳನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡ. "ಇಷ್ಟ ಸಾಕು. ಜೀವ ಉಳೀತಲ್ಲ, ನಡಿ," ಎಂದ. ಒಳ್ಳೆಯ ಮಾತೇ. ಬಾಡಿಗೆ ಜೀಪಿನ ಮೇಲೆ ಬಿಗಿಸಿಕೊಂಡು ಊರಿಗೆ ಬರುವವರೆಗೆ ನಾನು ಆ ಮಾತಿನ ಭಾರವನ್ನೇ ಹೊತ್ತಿದ್ದೆ.

ಕುಕ್ಕರ್ ಎರಡನೆಯ ಸಲ ಕೂಗಿತು. ಈಗ ನನ್ನ ಬಣ್ಣ ಚಕ್ಕೆ ಎದ್ದಿದೆ, ಪೊದೆಗೆ ಬಿದ್ದಾಗ ಬಾಗಿದ ಹ್ಯಾಂಡಲ್ ಇನ್ನೂ ತುಸು ವಾರೆಯಾಗಿದೆ. ಮುದಿತನ ಬಂದರೆ ಅಂಜಿಕೆಯಿಲ್ಲ. ನನ್ನ ಅಂಜಿಕೆ ಬೇರೆ. ಕೊಟ್ಟುಬಿಡುವ ಹೆಂಗಸರು ಏನು ಮಾಡುತ್ತಾರೆಂದು ನನಗೆ ಗೊತ್ತು. ಬಾಟಲಿ ತೆಗೆಯುತ್ತಾರೆ. ದಾರ ಬಿಚ್ಚುತ್ತಾರೆ. ನಾನು ಕಾಯುತ್ತಿದ್ದೆ.

ಮೂರನೆಯ ಕೂಗಿಗೆ ನೀಲಗಂಗಾ ಎದ್ದು ಒಳಗೆ ಹೋದಳು. ತಿರುಗಿ ಬಂದಾಗ ಕೈಯಲ್ಲಿ ಆ ಕೈಗವಸುಗಳಿದ್ದವು, ಒಗೆದು ಒಣಗಿಸಿ ಮಡಚಿದವು. ಜೊತೆಗೆ ತೊಳೆದಿಟ್ಟ ಹಾಲಿನ ಖಾಲಿ ಚೀಲ. ಕೈಗವಸನ್ನು ಅದರೊಳಗೆ ತುರುಕಿದಳು. ಕೆರೆಯ ದಂಡೆಯ ಆ ಹೆಂಗಸಿನ ಹಾಗೆ ಗಾಳಿ ಹೊರಹಾಕಿ, ಬಾಯಿ ತಿರುಚಿ, ರಬ್ಬರ್ ಬ್ಯಾಂಡ್ ಸುತ್ತಿದಳು. ಬೊಗಸೆಯಲ್ಲಿ ನೀರು ತಂದು ಚೀಲದ ಮೇಲೆ ಸುರಿದು, ಒತ್ತಿ ನೋಡಿದಳು. ಒಳಗೆ ಒಂದು ಹನಿಯೂ ಹೋಗಿರಲಿಲ್ಲ. ಸೀರೆಯ ತುಂಡಿನಿಂದ ಅದನ್ನು ಒರೆಸಿ, ನನ್ನ ಸೀಟಿನ ಕೆಳಗೆ ಬಿಗಿಯಾಗಿ ಕಟ್ಟಿದಳು.

"ಇಷ್ಟೊತ್ತು ಏನ್ ಮಾಡಾಕತ್ತೀ ಅಲ್ಲಿ?" ಒಳಗಿನಿಂದ ರಾಚಪ್ಪ ಕೇಳಿದ. "ನಾಳೆ ಅವರು ಬರೂದ್ರಾಗ ಎಲ್ಲಾ ಬಿಚ್ಚಿಡು."

"ಏನಿಲ್ರೀ, ಒರಸಾಕತ್ತೀನಿ," ಎಂದಳು. ಏನನ್ನೂ ಬಿಚ್ಚದೆ ಮತ್ತೆ ನನ್ನ ಮುಂದೆ ಕೂತು, ವಾರೆಯಾದ ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಮಾಡತೊಡಗಿದಳು.