ಹೋದ ವರ್ಷದ ಉಬ್ಬರ

ಬೆಳಗಿನ ಪ್ರವಾಸಿಗಳನ್ನು ಬೆಟ್ಟದ ನೆತ್ತಿಯಿಂದ ಇಳಿಸಿಕೊಂಡು ಬಂದ ಗೈಡ್, ಬೆನ್ನಿನ ಚೀಲ ಕೆಳಗಿಡುವ ಮೊದಲೇ ಕೇಳಿದಳು:

“ಮೂರನೇ ರೂಮಿನ ಅಜ್ಜಿ, ಮೊಮ್ಮಗಳು ಎಲ್ಲಿ ಭಾವ?”

“ಗುಹೆ ನೋಡೋಕೆ ಮರಳದಂಡೆಗೆ ಹೋದ್ರು. ನಾಲ್ಕು ಗಂಟೆವರೆಗೂ ನೀರು ಏರಲ್ಲ, ನಿಧಾನಕ್ಕೆ ಬನ್ನಿ ಅಂದೆ.” ವಸತಿಗೃಹದ ಯಜಮಾನನಾದ ಭಾವ ಸಾರಿನ ಸೌಟನ್ನು ಗೋಡೆಯತ್ತ ಎತ್ತಿ ತೋರಿಸಿದ.

ಅವಳ ಮೈ ಉರಿಯಿತು. ಗೋಡೆಯ ಮೇಲಿದ್ದ ಉಬ್ಬರವಿಳಿತದ ಪಟ್ಟಿ ಹೋದ ವರ್ಷದ್ದು. ಅದರಲ್ಲಿನ ದೀಪಸ್ತಂಭದ ಚಿತ್ರ ಚೆಂದವೆಂದು ಅವನು ಬದಲಾಯಿಸಿರಲಿಲ್ಲ. ತೆಗೆಯಿರಿ ಎಂದು ಮೂರು ಸಲ ಹೇಳಿದ್ದಳು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಗಿತ್ತು. ಇಂದು ದಂಡೆಯ ದಾರಿ ಮುಚ್ಚುವುದು ಒಂದೂವರೆಗೆ. ಈಗ ಎರಡು.

“ಅದೇನಮ್ಮಾ, ಆಕಾಶವೇ ತಲೆ ಮೇಲೆ ಬಿದ್ದ ಹಾಗೆ ನಿಂತೆ? ಕಾಲು ನೆನೆದ್ರೆ ಕರಗೋಕೆ ಅವರೇನು ಬೆಲ್ಲವಾ?”

“ಕಾಲಲ್ಲ ಭಾವ, ಕತ್ತು ಮುಳುಗುತ್ತೆ! ಆ ಹಗ್ಗ ತಗೊಂಡು ಬನ್ನಿ.”

“ನೀನೇ ಹೋಗು. ಊಟಕ್ಕೆ ಇಪ್ಪತ್ತು ಜನ ಕೂತಿದ್ದಾರೆ. ನಿಮ್ಮಕ್ಕ ಬೇರೆ ಎಲ್ಲೋ ಮಾಯವಾಗಿದ್ದಾಳೆ.”

ಅಡುಗೆಯವಳು ಇಣುಕಿದಳು. “ಅಮ್ಮಾವ್ರೂ ಅವರ ಜೊತೇಲೇ ಹೋದ್ರಲ್ಲ? ಅಜ್ಜಿ ಕೈ ಹಿಡ್ಕೊಂಡು.”

ಸೌಟು ನೆಲಕ್ಕೆ ಬಿತ್ತು. ಗೈಡ್ ಹಗ್ಗವನ್ನು ಹೆಗಲಿಗೇರಿಸುವಷ್ಟರಲ್ಲಿ ಅವನು ಅಂಗಳ ದಾಟಿದ್ದ.

ಪರರ ಜೀವಕ್ಕೆ ಅಲುಗದ ಕಾಲಿಗೆ ಈಗ ರೆಕ್ಕೆ ಬಂತೇ! ಅವನ ಹಿಂದೆ ಓಡುತ್ತ ಅವಳು ಹಲ್ಲು ಕಡಿದಳು.

ಕಡಿದಾದ ಬಂಡೆಯ ಅಂಚಿನಿಂದ ನೋಡಿದರೆ ಮರಳದಂಡೆಯೇ ಇರಲಿಲ್ಲ. ಕೆಳಗೆ, ಹೊರಚಾಚಿದ ಕಲ್ಲೊಂದರ ಮೇಲೆ ಮೂವರು ಬಂಡೆಗಂಟಿ ನಿಂತಿದ್ದರು. ಅಕ್ಕನ ಮೊಣಕಾಲಿಗೆ ಅಲೆ ಬಡಿಯುತ್ತಿತ್ತು. ಗೈಡ್ ಹಗ್ಗವನ್ನು ಬಂಡೆಗೆ ಬಡಿದಿದ್ದ ಕಬ್ಬಿಣದ ಬಳೆಗೆ ಬಿಗಿದು ಕೆಳಗಿಳಿಸಿದಳು.

“ಮೊದಲು ನೀನು ಬಾರೇ!” ಭಾವ ಅರಚಿದ.

ಅಕ್ಕ ತಲೆಯೆತ್ತಲಿಲ್ಲ, ಹಗ್ಗವನ್ನು ಮಗುವಿನ ಸೊಂಟಕ್ಕೆ ಕಟ್ಟಿದಳು. ಮಗು ಬಂತು. ಎರಡನೆಯ ಸಲ ಅಜ್ಜಿ, ಎಳೆಯುತ್ತಿದ್ದವರ ಅಂಗೈ ಸುಲಿಯುವಂತೆ, ಗೇಣು ಗೇಣಾಗಿ ಬಂದರು. ಮೂರನೆಯ ಸಲ ಹಗ್ಗ ಇಳಿಯುವಷ್ಟರಲ್ಲಿ ಅಲೆಯೊಂದು ಆ ಕಲ್ಲನ್ನೇ ನುಂಗಿತು.

ಅಕ್ಕ ಕಾಣಲಿಲ್ಲ.

ನೊರೆ ಸರಿಯಿತು. ಬರಿಯ ಕಲ್ಲು. ಆಗ ಹಗ್ಗ ಜಗ್ಗಿತು. ಅದರ ತುದಿಯಲ್ಲಿ, ನೀರಿನೊಳಗಿಂದ, ಎರಡು ಕೈಗಳು!

ಮೇಲೆ ಬಂದ ಅಕ್ಕ, ಗಂಡ ಚಾಚಿದ ಕೈಯನ್ನು ಬಿಟ್ಟು ತಂಗಿಯ ತೋಳು ಹಿಡಿದಳು.

“ಸದ್ಯ, ಎಲ್ಲರೂ ಕ್ಷೇಮ,” ಭಾವ ಅಜ್ಜಿಯತ್ತ ಹಲ್ಲು ಕಿರಿದ. “ಈ ಸಮುದ್ರವೇ ಹೀಗೆ ನೋಡಿ, ಹೇಳದೆ ಕೇಳದೆ ನುಗ್ಗಿಬಿಡುತ್ತೆ.”

ಗೈಡ್ ಬಾಯಿ ತೆರೆಯುವ ಮೊದಲೇ ಅಕ್ಕ ಉಪ್ಪುನೀರು ಉಗಿದು ನೆಟ್ಟಗೆ ನಿಂತಳು.

“ಸಮುದ್ರದ ಮೇಲೆ ಯಾಕೆ ಹಾಕ್ತೀರಿ? ತಪ್ಪು ಹೊತ್ತು ಹೇಳಿ ಕಳಿಸಿದ್ದು ಯಾರು ಅಂತ ಅವರಿಗೆ ಹೇಳಿ. ಹೇಳೋವರೆಗೂ ನಾನು ಇಲ್ಲಿಂದ ಕದಲಲ್ಲ.”

ಭಾವ ಕಾಪಾಡು ಎಂಬಂತೆ ನಾದಿನಿಯ ಮುಖ ನೋಡಿದ.

“ಹೇಳಿ ಭಾವ,” ಎಂದಳು ಅವಳು, ಹಗ್ಗ ಸುತ್ತುತ್ತಲೇ. “ಗಟ್ಟಿಯಾಗಿ ಹೇಳಿ. ಅಜ್ಜಿಗೆ ಕಿವಿ ಮಂದ.”